ಬಾಗಿಲಿಗೆ ಬಂದ ಬಸ್ಸು

ಆದೋನಿಯ ಹತ್ತಿ ಪೇಟೆಯ ಓಣಿಯೊಳಗೆ ಮೋಟಾರು ಬಸ್ಸು ಬಂದು ನಿಲ್ಲುವಂತಾದದ್ದು ಸರಕಾರದ ಹುಕುಮಿನಿಂದಲ್ಲ, ಮುನಿಸಿಪಾಲಿಟಿಯ ಠರಾವಿನಿಂದಲೂ ಅಲ್ಲ. ಮರಿಬಸಪ್ಪನ ಹಟದಿಂದ. ಅಷ್ಟು ಹಟ ಮಾಡಿ ಬಸ್ಸನ್ನು ಬಾಗಿಲಿಗೆ ಕರೆಸಿಕೊಂಡ ಮನುಷ್ಯ ಮುಂದೆ ಅದೇ ಬಾಗಿಲನ್ನು ಮನೆಯ ಹೆಣ್ಣುಮಕ್ಕಳಿಗೆ ಮುಚ್ಚಿ ಕೂತನಲ್ಲ, ಅದಕ್ಕೆ ಏನೆನ್ನಬೇಕು? ಅವನ ಸೊಸೆ ಹೂವಮ್ಮ ಮನಸ್ಸಿನಲ್ಲೇ ಏನೋ ಅಂದುಕೊಂಡಿದ್ದಳು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಮರಿಬಸಪ್ಪ ಹತ್ತಿ ದಲಾಲಿ. ಆಗಿನ್ನೂ ಆದೋನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಚಿಪ್ಪಗಿರಿ ಕಡೆಯ ಬಂಡಿಗಳು ಹತ್ತಿ ಹೇರಿಕೊಂಡು ರಾತ್ರಿಯೆಲ್ಲ ನಡೆದು ಬೆಳಗಾಗುವಾಗ ಅವನ ಮನೆಯ ಮುಂದೆ ನೊಗ ಇಳಿಸುತ್ತಿದ್ದವು. ಬಾಗಿಲ ಎರಡೂ ಮಗ್ಗುಲಿಗೆ ಉದ್ದಕ್ಕೆ ಕಲ್ಲಿನ ಕಟ್ಟೆ. ಅಲ್ಲಿ ಕೂತು ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದು, ಬೆರಳು ಬಿಡಿಸಿಕೊಂಡು ಒಲ್ಲೆ ಎನ್ನುವುದು, ಮತ್ತೆ ಹಿಡಿಯುವುದು. ಬಾಯಿಮಾತಿಲ್ಲದೆ ವ್ಯಾಪಾರ ಮುಗಿಯುತ್ತಿತ್ತು. ಕಟ್ಟೆಗೆ ಕೂತವರು ಯಾರೇ ಇರಲಿ, ನೀರು ಕೇಳಿದರೆ ಇಲ್ಲ ಎನ್ನಬಾರದೆಂದು ಮರಿಬಸಪ್ಪನ ಅಪ್ಪ ಸಾಯುವಾಗ ಹೇಳಿ ಸತ್ತಿದ್ದ. ಮನೆಯ ಹಿತ್ತಲ ಬಾವಿ ಸವುಳು. ಕುಡಿಯುವ ನೀರಿಗೆ ಹಿಂದಿನ ಓಣಿ ದಾಟಿ ಸೀನೀರ ಬಾವಿಗೆ ಹೋಗಬೇಕು. ಮಾತು ಕೊಟ್ಟವನು ಮರಿಬಸಪ್ಪ, ಕೊಡ ಹೊತ್ತವಳು ಮೊದಲು ಅವನ ಹೆಂಡತಿ ವೀರಬಸಮ್ಮ, ಆಮೇಲೆ ಸೊಸೆ ಹೂವಮ್ಮ.

ಹೂವಮ್ಮನ ತವರು ಎಮ್ಮಿಗನೂರು. ಅಲ್ಲಿ ನೇಕಾರರ ಓಣಿಯಲ್ಲಿ ಅವಳ ತಾಯಿ ಎರ್ರಮ್ಮ ಒಬ್ಬಳೇ ಇದ್ದಳು. ಗಂಡ ಇಲ್ಲ, ಗಂಡುಮಕ್ಕಳಿಲ್ಲ. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುವಳು. ಕಣ್ಣಿಗೆ ಪೊರೆ ಬರುತ್ತಿತ್ತು; ನೂಲು ಹರಿದದ್ದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಯಾಕೆ ಬೇಕು ಎಂದು ತಾನೇ ನಗುತ್ತಿದ್ದಳು. ಬಂಡಿಯ ಕಾಲದಲ್ಲಿ ಹೂವಮ್ಮ ತವರಿಗೆ ಹೋಗುವುದೆಂದರೆ ಮನೆಯಲ್ಲಿ ತಿಂಗಳ ಮೊದಲೇ ಮಾತು ಶುರುವಾಗಬೇಕು. ಎತ್ತು ಬಿಡುವಿರಬೇಕು, ಬಂಡಿ ಹೊಡೆಯುವವನು ಸಿಗಬೇಕು, ಅತ್ತೆಯ ಮುಖ ಸರಿಯಿರಬೇಕು. ಮೂರೂ ಕೂಡಿ ಬರುವುದು ವರ್ಷಕ್ಕೆ ಒಂದು ಸಲವಾದರೆ ಪುಣ್ಯ.

ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮೊದಲು ಶ್ರೀರಾಮುಲು ಎಂಬ ತೆಲುಗು ವ್ಯಾಪಾರಿ ಎಮ್ಮಿಗನೂರಿಗೆ ಬಸ್ಸು ಹಾಕಿದ. ಸ್ಟೇಷನ್ನಿನ ಹತ್ತಿರ ಬೇವಿನ ಗಿಡದ ಕೆಳಗೆ ಅದು ನಿಲ್ಲುತ್ತಿತ್ತು. ಜನ ತುಂಬಿದಾಗ ಹೊರಡುವುದು, ಅಲ್ಲಿಯವರೆಗೆ ಗಿಡದ ಕೆಳಗೆ ನಿಲ್ಲುವುದು. ವೀರಬಸಮ್ಮ ಒಂದು ಮದುವೆಗೆ ಹೋಗಲು ಅಲ್ಲಿ ನಿಂತಿದ್ದಳು. ಪೇಟೆಯ ಯಾವನೋ ನೋಡಿದ. ಸಂಜೆ ಮರಿಬಸಪ್ಪನ ಮುಂದೆ ಬಂದು, ಏನು ಸಾವ್ಕಾರ್ರೆ, ಅಮ್ಮಾವ್ರು ಸ್ಟೇಷನ್ ಬೀದಿಯಲ್ಲಿ ಗಂಟು ಹಿಡಿದು ನಿಂತಿದ್ದರಲ್ಲ ಎಂದು ಸುಮ್ಮನೆ ಒಂದು ಮಾತು ಎಸೆದು ಹೋದ. ಅಷ್ಟೇ ಸಾಕಾಯಿತು. ಮರುದಿನವೇ ಶ್ರೀರಾಮುಲುವಿಗೆ ಬುಲಾವು.

"ನಮ್ಮ ಮನಿ ಹೆಣ್ಣಮಕ್ಳು ಬೀದ್ಯಾಗ ನಿಂದ್ರಂಗಿಲ್ಲ," ಎಂದ ಮರಿಬಸಪ್ಪ. "ನಿನ್ನ ಬಸ್ಸು ನಮ್ಮ ಬಾಗಿಲಿಗೆ ಬರಬೇಕು. ಬಂದ್ರ ನಮ್ಮ ರೈತರೆಲ್ಲ ನಿನ್ನ ಬಸ್ಸಿಗೇ ಹತ್ತತಾರ. ಇಲ್ಲಂದ್ರ ಒಬ್ಬನೂ ಹತ್ತಂಗಿಲ್ಲ."

ಶ್ರೀರಾಮುಲು ಲೆಕ್ಕದ ಮನುಷ್ಯ. ಅಟ್ಲಾಗೇ ಕಾನೀಯಂಡಿ ಸ್ವಾಮಿ, ಹಾಗೇ ಆಗಲಿ, ನಿಮ್ಮ ಮಾತಿಗೆ ಇಲ್ಲ ಅಂತೀನಾ ಎಂದು ಕೈ ಮುಗಿದು ಹೋದ. ಮೊದಲ ದಿನ ಬಸ್ಸು ಓಣಿಯೊಳಗೆ ಬಂದಾಗ ಎರಡು ಮನೆಯ ಚಪ್ಪರ ತರಚಿತು, ಒಂದು ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ವೀರಬಸಮ್ಮನ ಲಿಂಗಪೂಜೆ ಮುಗಿದಿರಲಿಲ್ಲ. ಡ್ರೈವರು ಹಾರನ್ನು ಒತ್ತಿದ. ಮರಿಬಸಪ್ಪ ಕಟ್ಟೆಯ ಮೇಲಿಂದಲೇ ಕೈಯೆತ್ತಿ, ನಿಂದ್ರು, ನಮ್ಮ ಮನಿ ಹೆಣ್ಣಮಗಳು ಬರಾಕತ್ಯಾಳ ಎಂದ. ಬಸ್ಸು ನಿಂತಿತು. ಒಳಗೆ ಬೆಂದುಹೋದ ಜನ ಒಬ್ಬೊಬ್ಬರೇ ಇಳಿದು ಕಟ್ಟೆಗೆ ಕೂತರು. ಕೂತವರು ನೀರು ಕೇಳಿದರು. ಹೂವಮ್ಮ ಕೊಟ್ಟಳು. ಮರುದಿನ ಆ ಜನ ಸ್ಟೇಷನ್ನಿಗೆ ಹೋಗಲೇ ಇಲ್ಲ. ಅಲ್ಲಿ ಗಿಡ ಮಾತ್ರ ಐತಿ, ಇಲ್ಲಿ ಕಟ್ಟೆ ಐತಿ, ನೀರು ಐತಿ ಎಂದು ನೆಟ್ಟಗೆ ಇಲ್ಲಿಗೇ ಬಂದರು.

ಒಂದು ವರ್ಷ ಕಳೆಯುವುದರೊಳಗೆ ಓಣಿಯ ಗುರುತೇ ಹತ್ತದಂತಾಯಿತು. ಎದುರಿನ ಹತ್ತಿ ಕೋಠಿ ಚಹಾದ ಹೋಟೆಲಾಯಿತು. ಪಕ್ಕದಲ್ಲಿ ಸೈಕಲ್ ಷಾಪು, ಅದರ ಪಕ್ಕ ಹಜಾಮತಿ ಅಂಗಡಿ. ಬಂಡಿಗಳು ರಾತ್ರಿ ತಂಗುತ್ತಿದ್ದ ಬಯಲನ್ನು ಯಾರೋ ಅಳೆದು ಕಲ್ಲು ನೆಟ್ಟು ಮನೆಗೆಂದು ತುಂಡು ತುಂಡಾಗಿ ಮಾರಿದರು. ಹಿಂದಿನ ಓಣಿಯಲ್ಲಿ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಕಮ್ಮಾರ ಕುಲುಮೆ ಆರಿಸಿ ಮಿಲ್ಲಿಗೆ ಕೆಲಸಕ್ಕೆ ಹೋದ. ಬಸ್ಸಿನ ಕಂಡಕ್ಟರ್ ಪಕೀರಪ್ಪ ಟಿಕೆಟು ಹರಿಯುವಾಗ ಎಲ್ಲಿಗೆ ಎಂದರೆ ಜನ ಆದೋನಿ ಎನ್ನುತ್ತಿರಲಿಲ್ಲ, ಮರಿಬಸಪ್ಪನ ಕಟ್ಟಿಗೆ ಎನ್ನುತ್ತಿದ್ದರು. ಮರಿಬಸಪ್ಪನಿಗೆ ಇದು ಕಿವಿಗೆ ಜೇನು ಹೊಯ್ದಂತಿತ್ತು. ಮನೆಯ ಬಂಡಿಯನ್ನೂ ಎತ್ತುಗಳನ್ನೂ ಮಾರಿಬಿಟ್ಟ. ಬಾಗಿಲಲ್ಲಿ ಬಸ್ಸೇ ಇರುವಾಗ ಹುಲ್ಲು ಹಾಕಿ ಎತ್ತು ಸಾಕುವವರು ಯಾರು ಎಂದ.

ಆ ಎರಡು ಮೂರು ವರ್ಷ ಹೂವಮ್ಮನ ಬಾಳಿನಲ್ಲೇ ಒಳ್ಳೆಯ ಕಾಲ. ತಿಂಗಳಿಗೊಂದು ಸಲ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊಸಿಲು ದಾಟಿದರೆ ಬಸ್ಸು. ಇಳಿದರೆ ತವರು. ತಾಯಿಯ ತಲೆಗೆ ಎಣ್ಣೆ ಒತ್ತಿ ಎರೆದು, ಮಡಕೆ ಕುಡಿಕೆ ತೊಳೆದು, ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ ಮಾಡಿಟ್ಟು, ಸಂಜೆಯ ಬಸ್ಸಿಗೆ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಅತ್ತೆಯ ಅಡುಗೆಮನೆ. ಬಂಡಿಯಲ್ಲಿ ಹೋದರೆ ವಾರ ಕೂತು ಬರುತ್ತಿದ್ದಿ, ಬಸ್ಸು ಬಂದು ನಿನ್ನ ಕಾಲು ನೆಲಕ್ಕೇ ನಿಲ್ಲುತ್ತಿಲ್ಲ ಎಂದು ವೀರಬಸಮ್ಮ ಗೊಣಗುತ್ತಿದ್ದಳು. ಗೊಣಗಿದರೂ ಹೋಗಬೇಡ ಎನ್ನಲಿಲ್ಲ. ಅವಳೂ ಎರಡು ಸಲ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಬಂದಿದ್ದಳಲ್ಲ.

ಯುದ್ಧ ಜೋರಾಯಿತು. ಪೆಟ್ರೋಲು ಸಿಗದಾಯಿತು. ಶ್ರೀರಾಮುಲು ಅಷ್ಟರಲ್ಲಿ ಎರಡಾಗಿದ್ದ ಬಸ್ಸುಗಳಲ್ಲಿ ಒಂದನ್ನು ಷೆಡ್ಡಿಗೆ ಹಾಕಿ, ಇನ್ನೊಂದರ ಹಿಂದೆ ಎತ್ತರದ ತಗಡಿನ ಒಲೆ ಕಟ್ಟಿಸಿದ. ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಲ್ಲಿ ತಿದಿ ತಿರುಗಿಸಿ ಹೊಗೆ ಎಬ್ಬಿಸಬೇಕು. ಆ ಗ್ಯಾಸಿನ ಮೇಲೆ ಬಸ್ಸು ನಡೆಯಬೇಕು. ಒಲೆ ಹೊತ್ತುವುದಕ್ಕೇ ಒಂದು ಹೊತ್ತಿನ ಅಡುಗೆಯ ಸಮಯ ಹಿಡಿಯುತ್ತಿತ್ತು. ಅಷ್ಟೂ ಹೊತ್ತು ಎರಡು ಬಸ್ಸಿನ ಜನ ಒಂದೇ ಕಟ್ಟೆಯ ಮೇಲೆ. ಬಿಸಿಲು, ಇದ್ದಿಲ ಹೊಗೆ, ಬೀಡಿ, ಎಲೆಯಡಿಕೆ ಉಗುಳು. ನೀರು ಎಂದವರಿಗೆ ಇಲ್ಲ ಎನ್ನುವಂತಿಲ್ಲ. ಸೀನೀರ ಬಾವಿಗೆ ಹೋಗಿ ಬಂದು ಹೋಗಿ ಬಂದು ಹೂವಮ್ಮನ ತಲೆಯ ಮೇಲೆ ಸಿಂಬೆ ಇಟ್ಟ ಜಾಗದಲ್ಲಿ ಕೂದಲು ಸವೆಯಿತು.

ಕಡೆಗೆ ಒಂದು ದಿನ ಆಗಬಾರದ್ದು ಆಯಿತು. ಸೊಸೆ ಬಾವಿಗೆ ಹೋಗಿದ್ದಳೆಂದು ವೀರಬಸಮ್ಮನೇ ತಂಬಿಗೆ ಹಿಡಿದು ಹೊರಗೆ ಬಂದು ಒಬ್ಬ ಮುದುಕನಿಗೆ ನೀರು ಹಾಕಿದಳು. ಅವನು ಯಾವ ಊರಿನವನೋ, ಏನು ತಿಳಿದನೋ. ಕುಡಿದು, ಬಾಯಿ ಒರೆಸಿಕೊಂಡು, ಸೊಂಟದ ಚೀಲದಿಂದ ಒಂದು ದುಡ್ಡು ತೆಗೆದು ಅವಳ ಅಂಗೈಯಲ್ಲಿಟ್ಟು, ತಣ್ಣಗಿರವ್ವ, ಸಾವ್ಕಾರ ಏನು ಸಂಬಳ ಕೊಡ್ತಾನ ನಿನಗ ಎಂದು ಕೇಳಿದ. ಎದುರಿನ ಹೋಟೆಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೀರಬಸಮ್ಮ ಆ ದುಡ್ಡನ್ನು ಬಿಸಾಡಲೂ ಇಲ್ಲ, ತಿರುಗಿ ಕೊಡಲೂ ಇಲ್ಲ. ಒಳಗೆ ತಂದು ದೇವರ ಗೂಡಿನಲ್ಲಿಟ್ಟಳು. ಗಂಡ ಊಟಕ್ಕೆ ಕೂತಾಗ ತೆಗೆದು ತಂದು ತಟ್ಟೆಯ ಪಕ್ಕ ಇಟ್ಟಳು.

"ಏನಿದು?"

"ನನ್ನ ಸಂಬಳ."

ನಡೆದದ್ದನ್ನೆಲ್ಲ ಮರಿಬಸಪ್ಪ ಅವಳ ಬಾಯಿಂದ ಕೇಳಿದ. ಅನ್ನ ಮುಗಿಸಿ, ಲಿಂಗಾಯತರ ವಾಡಿಕೆಯಂತೆ ತಟ್ಟೆ ತೊಳೆದು ಆ ನೀರು ಕುಡಿದು, ಎದ್ದು ನಿಂತು ಅಪ್ಪಣೆ ಕೊಡಿಸಿದ. ಇವತ್ತಿನಿಂದ ಈ ಮನೆಯ ಹೆಂಗಸರು ಮುಂದಿನ ಹೊಸಿಲು ದಾಟಬಾರದು. ನೀರು ಪಡಸಾಲೆಯವರೆಗೆ ತಂದಿಡಬೇಕು, ಹೊರಗೆ ಹಾಕುವುದು ತಾನು ಇಲ್ಲವೆ ಮಗ ಹಾಲಸ್ವಾಮಿ. ಬಸ್ಸು ಹತ್ತುವ ಮಾತು ಯಾರೂ ಎತ್ತಬಾರದು.

ಹೂವಮ್ಮ ಮಜ್ಜಿಗೆ ಬಡಿಸುತ್ತಿದ್ದಳು. ಸೌಟು ಗಡಿಗೆಯಲ್ಲೇ ಉಳಿಯಿತು. ಬಂಡಿ ಇಲ್ಲ, ಎತ್ತಿಲ್ಲ, ಈಗ ಬಸ್ಸೂ ಇಲ್ಲ. ಹೋದ ತಿಂಗಳೇ ತಾಯಿಯ ಎಡಗಣ್ಣು ಪೂರ್ತಿ ಮುಚ್ಚಿತ್ತು.

ಆಮೇಲಿನ ವಾರಗಳಲ್ಲಿ ಅವಳ ದಿನ ಹೀಗಿತ್ತು. ಬೆಳಕು ಹರಿಯುವ ಮೊದಲು ಬಾವಿ. ಪೂಜೆಯ ನೀರು ಬೇರೆ, ಅಡುಗೆಯ ನೀರು ಬೇರೆ, ಕಟ್ಟೆಯ ನೀರು ಬೇರೆ. ಆಮೇಲೆ ರೊಟ್ಟಿ. ಅಷ್ಟರಲ್ಲಿ ಹೊರಗೆ ಎಮ್ಮಿಗನೂರು, ಎಮ್ಮಿಗನೂರು ಎಂದು ಪಕೀರಪ್ಪ ಕೂಗುವುದು ಕೇಳುತ್ತಿತ್ತು. ತವರಿನ ಹೆಸರನ್ನು ದಿನಾ ಮನೆ ಬಾಗಿಲಲ್ಲಿ ಕೂಗಿ ಕರೆಯುತ್ತಾರೆ, ಹೋಗುವ ಹಾಗಿಲ್ಲ. ಇದಕ್ಕಿಂತ ಬಸ್ಸು ಬಾರದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಪಡಸಾಲೆಯ ಪಕ್ಕದ ಕೋಣೆಗೆ ಬೀದಿಯ ಕಡೆ ಒಂದು ಕಬ್ಬಿಣದ ಸರಳಿನ ಕಿಟಕಿ ಇತ್ತು. ಅದರೊಳಗಿಂದ ಒಂದು ಬುತ್ತಿಗಂಟನ್ನು ಪಕೀರಪ್ಪನ ಕೈಗೆ ಕೊಡುವಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸಂಜೆ ಪಕೀರಪ್ಪ ಖಾಲಿ ಬಟ್ಟೆಯನ್ನೂ ತಾಯಿ ಹೇಳಿದ ಮಾತನ್ನೂ ತಂದು ಕೊಡುವನು. ಅವನು ಒಳ್ಳೆಯವನು, ಇದಕ್ಕೆ ಏನನ್ನೂ ಕೇಳುತ್ತಿರಲಿಲ್ಲ. ಮುದುಕಿ ಹೇಳುವುದು ಪ್ರತಿ ಸಲ ಒಂದೇ: ರೊಟ್ಟಿ ಚಲೋ ಇತ್ತು, ಹೂವಿ ಯಾವಾಗ ಬರ್ತಾಳ?

ಗಂಡನ ಮುಂದೆ ಹೂವಮ್ಮ ಹೇಳಿ ಹೇಳಿ ಸೋತಳು. ಹಾಲಸ್ವಾಮಿ ಕೆಟ್ಟವನಲ್ಲ, ಅಪ್ಪನ ಎದುರು ನಿಂತರೆ ನಾಲಿಗೆ ಅಂಟಿಕೊಳ್ಳುವುದೊಂದೇ ಅವನ ರೋಗ. ಕೇಳುತ್ತೇನೆ ಎಂದು ಹೋಗಿ ಬೇರೆ ಏನನ್ನೋ ಕೇಳಿ ಬರುತ್ತಿದ್ದ. ಅವನ ತಲೆಯಲ್ಲಿ ಇನ್ನೊಂದು ಯೋಚನೆಯಿತ್ತು. ದಲಾಲಿ ವ್ಯಾಪಾರವೆಲ್ಲ ಸ್ಟೇಷನ್ನಿನ ಕಡೆ, ಮಿಲ್ಲುಗಳ ಬಾಗಿಲಿಗೆ ಸರಿದುಹೋಗಿತ್ತು. ಬಸ್ಸಿನ ಗದ್ದಲದಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿಯಲು ಯಾವ ರೈತ ಬಂದಾನು? ಬೀದಿಗೆ ಮುಖ ಮಾಡಿದ ಪಡಸಾಲೆಯನ್ನು ಖಾನಾವಳಿಗೆ ಬಾಡಿಗೆ ಕೊಡಿ, ಚನ್ನಬಸಯ್ಯ ಎಂಬ ಅಯ್ಯನವರು ಕೇಳುತ್ತಿದ್ದಾರೆ, ನಮ್ಮವರೇ, ನಾವು ಹಿತ್ತಲ ಕಡೆ ಬಾಗಿಲು ಒಡೆದುಕೊಳ್ಳೋಣ ಎಂದು ಒಂದು ರಾತ್ರಿ ಊಟದಲ್ಲಿ ಹೇಗೋ ಬಾಯಿಬಿಟ್ಟ.

"ಪಡಸಾಲಿ ಬಾಡಿಗಿಗೆ ಕೊಡ್ತೀಯಾ?" ಎಂದ ಮರಿಬಸಪ್ಪ. "ನಾಳೆ ಬೀಗರು ಬಂದ್ರ ಎಲ್ಲಿ ಕುಂದ್ರಸ್ತಿ? ಖಾನಾವಳಿ ಬೆಂಚಿನ ಮ್ಯಾಲಾ?"

"ಬೀಗರು ಯಾರು ಬರಾಕತ್ಯಾರಪ್ಪ ಈಗ? ಬಾಗಲಾ ತುಂಬ ಮಂದಿ."

"ಬರ್ಲಿ ಬಿಡ್ಲಿ. ಪಡಸಾಲಿ ಅಂದ್ರ ಬೀಗರಿಗೆ."

ಬೀಗರ ಮಾತು ಬಂದದ್ದೇ ಹೂವಮ್ಮನಿಗೆ ಎಲ್ಲಿಂದ ಧೈರ್ಯ ಬಂತೋ. ಬಾಗಿಲ ಮರೆಯಿಂದ ಹೊರಗೆ ಬಂದಳು. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಮಾವನ ಎದುರು ನಿಂತು ಮಾತಾಡಿದ್ದು ಅದೇ ಮೊದಲು.

"ಮಾವಾರ, ನಮ್ಮವ್ವಗ ಎಡಗಣ್ಣು ಹೋಗೈತ್ರಿ. ಒಂದು ಸಲ ಹೋಗಿ ಬರ್ತೀನ್ರಿ."

"ಆ ಮಾತು ಮುಗುದೈತಿ ಹೂವವ್ವ. ಆ ಮಂದ್ಯಾಗ ನೂಕಾಡಿ ಬಸ್ ಹತ್ತತೀಯಾ? ಮನಿ ಮಾನ ಏನಾಗಬೇಕು?"

"ದಿನಾ ಕತ್ತಲ್ದಾಗ ಎದ್ದು ಆ ಮಂದಿಗೇ ನೀರು ಹೊರ್ತೀನ್ರಿ. ಬಾವಿಗೆ ಹೋದ್ರ ಹೋಗದ ಮಾನ ಬಸ್ ಹತ್ತಿದ್ರ ಹೋಗ್ತೈತೇನ್ರಿ?"

ಹಾಲಸ್ವಾಮಿ ತಟ್ಟೆಯೊಳಗೆ ತಲೆ ಹಾಕಿದ. ವೀರಬಸಮ್ಮ ಸೊಸೆಯ ಮೇಲೆ ಹರಿಹಾಯ್ದಳು. ನನ್ನ ತವರೂ ಮಾಧವರಂ ಕಡೆ ಇತ್ತು, ಹತ್ತು ವರ್ಷ ಹೋಗದೆ ಇದ್ದೆ, ಅವ್ವ ಸತ್ತ ಸುದ್ದಿ ಮಣ್ಣಾದ ಮೇಲೆ ಬಂತು, ನಾನೇನು ಸತ್ತೆನೇ ಎಂದಳು. ಹೇಳುತ್ತ ಹೇಳುತ್ತಲೇ ಎದ್ದು ಒಲೆಯ ಹತ್ತಿರ ಹೋದಳು. ಮರಿಬಸಪ್ಪ ತಟ್ಟೆ ತೊಳೆದು ಕುಡಿದು ಎದ್ದುಹೋದ. ಬಾವಿಯ ದಾರಿ ಹಿಂದಿನ ಓಣಿ, ಇದು ಮುಂದಿನ ಬಾಗಿಲು, ಎರಡೂ ಒಂದೇ ಅಲ್ಲ ಎಂದು ಪಡಸಾಲೆಯಿಂದ ಅವನು ಹೇಳಿದ್ದು ಕೇಳಿಸಿತು. ಯಾರಿಗೆ ಹೇಳಿದನೋ, ಅಲ್ಲಿ ಯಾರೂ ಇರಲಿಲ್ಲ.

ಆದರೂ ಮಾತು ಅವನಿಗೆ ಚುಚ್ಚಿರಬೇಕು. ಎರಡು ದಿನ ಬಿಟ್ಟು ಶ್ರೀರಾಮುಲುವಿಗೆ ಹೇಳಿಕಳಿಸಿದ. ಮೊದಲು ಕೈ ಮುಗಿದು ಓಡಿ ಬಂದಿದ್ದ ಶ್ರೀರಾಮುಲು ಈ ಸಲ ನಾಲ್ಕು ದಿನ ಕಾಯಿಸಿ ಬಂದ. ಬಸ್ಸನ್ನು ತಿರುಗಿ ಸ್ಟೇಷನ್ನಿಗೆ ಒಯ್ಯಿ ಎಂದರೆ ನಕ್ಕುಬಿಟ್ಟ. ಒಯ್ಯಲಿಕ್ಕೆ ಅದೇನು ಮಂಚವೇ ಎಂದ. ಹೋಟೆಲಿನವನು ಇಲ್ಲಿ ಬಂಡವಾಳ ಹಾಕಿದ್ದಾನೆ, ಸೈಕಲ್ಲಿನವನು ಹಾಕಿದ್ದಾನೆ, ಮುನಿಸಿಪಾಲಿಟಿಯವರು ದೀಪದ ಕಂಬ ನೆಟ್ಟಿದ್ದಾರೆ, ಸುತ್ತಲಿನ ಹಳ್ಳಿಗೆಲ್ಲ ಇದೇ ರೂಢಿ. "ಅಂತಾ ಮೀ ಪೇರು ಮೀದನೇ ಉಂದಿ ಸ್ವಾಮಿ. ನಿಮ್ಮ ಹೆಸರು ತೆಗೆಯೋಕ್ಕೆ ನನ್ನ ಕೈಲಾಗ್ತೈತಾ?" ಎಂದ. ಎಲ್ಲ ನಿಮ್ಮ ಹೆಸರಿನ ಮೇಲೆಯೇ ನಡೆದಿದೆ ಎಂಬ ಆ ಮಾತನ್ನು ಹಿಂದೊಮ್ಮೆ ಕೇಳಿದ್ದರೆ ಮರಿಬಸಪ್ಪ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಈಗ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಬಿಸಿಲು ಏರಿತು. ಒಂದು ಸಂಜೆ ಪಕೀರಪ್ಪ ಕಿಟಕಿಯ ಹತ್ತಿರ ಬಂದವನು ಖಾಲಿ ಬಟ್ಟೆ ಕೊಟ್ಟು ಕೂಡಲೇ ಹೋಗಲಿಲ್ಲ. ಅಜ್ಜಿಗೆ ಬಲಗಣ್ಣೂ ಮಸುಕಾಗಿದೆಯಂತೆ, ಬೆಳಕು ಕತ್ತಲೆ ಅಷ್ಟೇ ಗೊತ್ತಾಗುತ್ತದಂತೆ ಎಂದ. ಮತ್ತೆ ಏನು ಹೇಳಿದಳು ಎಂದು ಹೂವಮ್ಮ ಕೇಳಿದಳು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಇದೆ ಎಂದು ಕೇಳಿದರು, ನೀವು ಯಾಕೆ ಬರುತ್ತಿಲ್ಲ ಎಂದೂ ಕೇಳಿದರು, ಇದ್ದದ್ದು ಹೇಳಿಬಿಟ್ಟೆನಕ್ಕ, ಸುಳ್ಳು ಹೇಳಲಿಕ್ಕೆ ಬರಲಿಲ್ಲ ಎಂದ. ಆ ರಾತ್ರಿ ಹೂವಮ್ಮ ಉಣ್ಣಲಿಲ್ಲ. ಯಾಕೆ ಉಣ್ಣಲಿಲ್ಲ ಎಂದು ಕೇಳಿದ್ದು ಗಂಡನಲ್ಲ, ಅತ್ತೆ. ವೀರಬಸಮ್ಮ ರೊಟ್ಟಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ದೀಪ ಸಣ್ಣ ಮಾಡಿದಳು.

ಮುಂದಿನ ಸೋಮವಾರ ಎಮ್ಮಿಗನೂರಿನಿಂದ ಬಸ್ಸು ಬಂದು ನಿಂತಿತು. ತಿರುಗಿ ಹೊರಡಲು ಒಲೆಗೆ ಹೊಸ ಇದ್ದಿಲು ಬೀಳಬೇಕು. ಇಳಿದವರಲ್ಲಿ ಅರ್ಧ ಜನ ಊರೊಳಗೆ ಹೋದರು. ಉಳಿದವರೂ ಹೊಸದಾಗಿ ಬಂದವರೂ ಕಟ್ಟೆಗೆ ಕೂತರು. ಮರಿಬಸಪ್ಪ ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ತಂಬಿಗೆಯಿಂದ ಸಾಲಾಗಿ ನೀರು ಹಾಕುತ್ತ ಬಂದ. ಯಾರು, ಯಾವ ಜಾತಿ ಎಂದು ಕೇಳುವ ಕಾಲ ಯಾವಾಗಲೋ ಹೋಗಿತ್ತು. ಎಲ್ಲರೂ ಬೊಗಸೆ ಒಡ್ಡುವುದು, ಇವನು ಮುಟ್ಟದ ಹಾಗೆ ಮೇಲಿನಿಂದ ಧಾರೆ ಬಿಡುವುದು. ಮುಖ ನೋಡುತ್ತಿರಲಿಲ್ಲ, ಕೈ ಮಾತ್ರ ನೋಡುತ್ತಿದ್ದ. ಕಟ್ಟೆಯ ತುದಿಯಲ್ಲಿ ಸೆರಗು ಹಣೆಯವರೆಗೆ ಎಳೆದುಕೊಂಡು ಒಬ್ಬ ಮುದುಕಿ ಕೂತಿದ್ದಳು. ಅವಳ ಬೊಗಸೆಗೂ ಹಾಕಿದ. ಸ್ವಲ್ಪ ನೀರು ಮೊಣಕೈಗೆ ಇಳಿದು ಸೀರೆ ತೊಯ್ದಿತು.

ಮುದುಕಿ ಕುಡಿದು, ಶರಣಪ್ಪ, ಹೊಟ್ಟೆ ತಂಪಾತು ಎಂದಳು. ಆಮೇಲೆ ಕೇಳಿದಳು:

"ಇದು ಮರಿಬಸಪ್ಪನ ಕಟ್ಟಿ ಹೌದಲ್ಲೇನಪ್ಪ?"

"ಹೌದವ್ವ."

"ಈ ಮನ್ಯಾಗ ನನ್ನ ಮಗಳು ಅದಾಳ. ಹೂವಮ್ಮ ಅಂತ. ಆಕಿ ಹೊರಗ ಬರಂಗಿಲ್ಲಂತ, ಮನಿತನ ದೊಡ್ಡದು. ಬಸ್ಸು ತಿರುಗಿ ಹೋಗೋತನ ನಾ ಇಲ್ಲೇ ಕುಂತಿರ್ತೀನಿ. ಕಿಟಕಿ ಯಾ ಕಡಿ ಐತಿ, ಅಷ್ಟು ಹೇಳಪ್ಪ. ಆ ಕಡಿ ಮಾರಿ ಮಾಡಿ ಕುಂದ್ರತೀನಿ. ನನಗಂತೂ ಕಾಣಂಗಿಲ್ಲ, ಆಕಿಗೆ ಕಾಣ್ಲಿ."

ಮರಿಬಸಪ್ಪನ ಕೈಯಲ್ಲಿ ತಂಬಿಗೆ ಹಾಗೇ ನಿಂತಿತು. ಬೀಗರು ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಹಾಸಿದ ಜಮಖಾನೆ, ಆಮೇಲೆ ಬೆಲ್ಲ ನೀರು. ಇಷ್ಟು ವರ್ಷ ಆ ಮನೆಯಲ್ಲಿ ನಡೆದು ಬಂದದ್ದು ಅದು. ತನ್ನ ಮಗನಿಗೆ ಹೆಣ್ಣು ಕೊಟ್ಟವಳನ್ನು ಅವನು ದಾರಿಹೋಕರ ಸಾಲಿನಲ್ಲಿ ಕೂರಿಸಿ, ಮೇಲಿನಿಂದ ಬೊಗಸೆಗೆ ನೀರು ಬಿಟ್ಟಿದ್ದ. ಪಡಸಾಲೆ ಅವನ ಬೆನ್ನ ಹಿಂದೆ ಖಾಲಿ ಬಿದ್ದಿತ್ತು. ಅವನ ಕಿವಿ ಕೆಂಪಾದದ್ದನ್ನು ಎದುರಿನ ಹೋಟೆಲಿನವರೂ ನೋಡಿದರು.

"ಬೀಗರ..." ಎಂದ. 

ದನಿ ಗುರುತು ಹಿಡಿದು ಎರ್ರಮ್ಮ ಗಡಬಡಿಸಿ ಎದ್ದು ನಿಂತಳು. ಅಯ್ಯ, ಅಣ್ಣಾರ, ನೀವಾ, ತಪ್ಪು ತಿಳಿಯಬೇಡಿ, ಗೊತ್ತಾಗಲಿಲ್ಲ ಎಂದು ಅವಳೇ ಕೈ ಮುಗಿದಳು. ಮುಗಿದ ಕೈ ಮರಿಬಸಪ್ಪನ ಕಡೆಗಿರಲಿಲ್ಲ, ಬಸ್ಸಿನ ಕಡೆಗಿತ್ತು.

ಕಿಟಕಿಯಲ್ಲಿ ನಿಂತು ಬುತ್ತಿಗಂಟು ಹಿಡಿದು ಪಕೀರಪ್ಪನನ್ನು ಹುಡುಕುತ್ತಿದ್ದ ಹೂವಮ್ಮ ಇದನ್ನೆಲ್ಲ ನೋಡಿದಳು. ಮಾವ ಏನೆನ್ನುತ್ತಾನೋ ಎಂದು ಕಾಯಲಿಲ್ಲ. ಪಡಸಾಲೆ ದಾಟಿ, ಹೊಸಿಲು ದಾಟಿ, ಅಷ್ಟು ಜನರ ನಡುವೆ ಹೋಗಿ ತಾಯಿಯ ಕೈ ಹಿಡಿದಳು. ಎರ್ರಮ್ಮ ಆ ಕೈಯನ್ನು ಮೊಣಕೈಯವರೆಗೆ ಸವರಿ, ಎಷ್ಟು ಬಡವಾಗಿಯವ್ವ ಎಂದಳು. ಹೂವಮ್ಮ ಅತ್ತುಬಿಟ್ಟಳು. ಬಾಗಿಲಲ್ಲಿ ವೀರಬಸಮ್ಮ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಎರ್ರಮ್ಮನನ್ನು ಪಡಸಾಲೆಗೆ ಕರೆತಂದು ಜಮಖಾನೆಯ ಮೇಲೆ ಕೂರಿಸಿದರು. ಬೆಲ್ಲ ನೀರು ಕೊಟ್ಟರು. ಬಿಸಿ ರೊಟ್ಟಿ, ಬೆಣ್ಣೆ, ಬದನೆಕಾಯಿ ಪಲ್ಯ. ಮರಿಬಸಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಮಳೆ, ನೂಲಿನ ದರ, ರೇಷನ್ನಿನ ಸೀಮೆಎಣ್ಣೆ ಎಲ್ಲದರ ಮಾತೂ ಆಯಿತು. ಆಗಬೇಕಾದ ಒಂದು ಮಾತನ್ನು ಯಾರೂ ಎತ್ತಲಿಲ್ಲ. ಹೊರಗೆ ಪಕೀರಪ್ಪ ತಿದಿ ತಿರುಗಿಸುವ ಸದ್ದು ಜೋರಾಗುತ್ತಿತ್ತು. ಎಮ್ಮಿಗನೂರು ಎಂಬ ಕೂಗು ಕೇಳಿದ್ದೇ ಎರ್ರಮ್ಮ ಎದ್ದಳು. ಎರಡು ದಿನ ಇರಿ ಎಂದು ವೀರಬಸಮ್ಮ ಹೇಳಿದಳು. ಮಗ್ಗದವರು ಕಂಡಿಕೆಗೆ ಕಾಯುತ್ತಾರೆ ಎಂದು ಎರ್ರಮ್ಮ ಒಪ್ಪಲಿಲ್ಲ.

ಹೂವಮ್ಮ ತಾಯಿಯನ್ನು ಹಿಡಿದು ಬಸ್ಸಿನ ಬಾಗಿಲವರೆಗೆ ತಂದಳು. ಮೆಟ್ಟಿಲು ಎತ್ತರವೇ ಇತ್ತು. ಎರ್ರಮ್ಮ ಕಾಲಿನಿಂದ ತಡವಿ ತಡವಿ ಹತ್ತಿದಳು. ಮರಿಬಸಪ್ಪ ಮತ್ತೆ ತಂಬಿಗೆ ಹಿಡಿದು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ.

"ಬೀಗರ, ಅಲ್ಲಿ ಇಳಿದ ಮ್ಯಾಲೆ ಮನಿಗೆ ಯಾರು ಕರ್ಕೊಂಡು ಹೊಕ್ಕಾರ?"

"ಕೈ ಮುಂದ ಮಾಡಿಕೊಂಡು ಹೊಕ್ಕೀನ್ರಿ ಅಣ್ಣಾರ," ಎಂದಳು ಎರ್ರಮ್ಮ ಬಸ್ಸಿನೊಳಗಿಂದ. "ಬಂದಿಲ್ಲೇನು ಹಂಗ?"

ಮರಿಬಸಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಹೂವವ್ವ," ಎಂದ. "ಒಳಗ ಹೋಗು. ನಿನ್ನ ಸೀರಿ ಗಂಟು ಕಟ್ಟಿಕೊಂಡು ಬಾ. ಅವ್ವನ ಕೂಡ ಹೋಗು. ಇದ್ದು ಬಾ."

ಹೂವಮ್ಮ ಓಡಿದಳು. ಓಡುವುದನ್ನು ಇಡೀ ಬಸ್ಸು ನೋಡಿತು. ಆದರೆ ಅಂದಿನ ಡ್ರೈವರು ಹೊಸಬ. ಮರಿಬಸಪ್ಪ ಯಾರೋ, ಅವನ ಕಟ್ಟೆ ಏನೋ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಗ್ಯಾಸು ಎದ್ದಾಗ ಹೊರಡಬೇಕು, ತಡ ಮಾಡಿದರೆ ಒಲೆ ಮತ್ತೆ ಮೊದಲಿನಿಂದ ಹೊತ್ತಿಸಬೇಕು. ಹಾರನ್ನು ಒತ್ತಿದ. ಕಟ್ಟೆಯ ಮೇಲಿಂದ ಮರಿಬಸಪ್ಪ ಹಿಂದಿನಂತೆ ಕೈಯೆತ್ತಿದ. ಡ್ರೈವರು ನೋಡಲಿಲ್ಲ. ಬಸ್ಸು ಗುಡುಗುಟ್ಟಿ ಒಂದು ಮಾರು ಮುಂದಕ್ಕೆ ಜರುಗಿತು. ಪಕೀರಪ್ಪ ತಗಡು ಬಡಿದು ಕೂಗಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು.

ಮರಿಬಸಪ್ಪ ಕಟ್ಟೆ ಇಳಿದ. ಬರಿಗಾಲಿನಲ್ಲೇ ಹೋಗಿ ಬಸ್ಸಿನ ಮೂತಿಗೆ ಎದೆ ಕೊಟ್ಟು ಬೀದಿಯ ನಟ್ಟನಡುವೆ ನಿಂತ. ನೀರಿನ ತಂಬಿಗೆ ಇನ್ನೂ ಕೈಯಲ್ಲೇ ಇತ್ತು. ಹೋಟೆಲಿನವರು ಗ್ಲಾಸು ಬಿಟ್ಟು ಹೊರಗೆ ಬಂದರು. ಡ್ರೈವರು ತಲೆ ಹೊರಗೆ ಹಾಕಿ ತೆಲುಗಿನಲ್ಲಿ ಬೈದ.

"ನಿಂದ್ರಸು," ಎಂದ ಮರಿಬಸಪ್ಪ. "ನಮ್ಮ ಮನಿ ಹೆಣ್ಣಮಗಳು ಬರಾಕತ್ಯಾಳ."

ಬಸ್ಸು ನಿಂತಿತು. ಹೂವಮ್ಮ ಗಂಟು ಎದೆಗವುಚಿಕೊಂಡು ಬಂದು, ಮಾವನ ಕಡೆ ನೋಡಲಾರದೆ, ನೋಡದೆ ಇರಲೂ ಆರದೆ, ಹತ್ತಿ ತಾಯಿಯ ಪಕ್ಕ ಕೂತಳು. ಅವಳು ಕೂತದ್ದನ್ನು ನೋಡಿಕೊಂಡ ಮೇಲೆ ಮರಿಬಸಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಇದ್ದಿಲ ಹೊಗೆ ಅವನ ಬಿಳಿ ಅಂಗಿಯ ಮೇಲೆಲ್ಲ ಹಾದುಹೋಯಿತು. ಕಟ್ಟೆಯ ಮೇಲೆ ಯಾರೋ ನೀರು ಕೇಳಿದರು. ವೀರಬಸಮ್ಮ ಸೆರಗು ಸಿಕ್ಕಿಸಿಕೊಂಡು ಹೊಸಿಲು ದಾಟಿ ಬಂದು ಬಿಂದಿಗೆ ಬಗ್ಗಿಸಿದಳು. ಬಸ್ಸು ಓಣಿಯ ತಿರುವಿನಲ್ಲಿ ಮರೆಯಾಗುವಾಗ ಹೂವಮ್ಮ ಹಿಂದಿರುಗಿ ನೋಡಿದಳು. ಮಾವ ಇನ್ನೂ ಬೀದಿಯಲ್ಲೇ ನಿಂತಿದ್ದ.